ಇಬ್ಬರಿಗೆ ಮೂರು ನೆರಳು

ವೀಸಾ ಕಚೇರಿಯ ಎದುರು ಸಾಲಿನಲ್ಲಿ ಮೂರನೆಯ ಅಂಗಡಿ ಅವನ ಸ್ಟುಡಿಯೋ. ಬೀದಿಯವರು ಅವನನ್ನೂ ಸ್ಟುಡಿಯೋ ಎಂದೇ ಕರೆಯುತ್ತಿದ್ದರು. ಅಂಗಡಿಗೊಂದು, ಮನುಷ್ಯನಿಗೊಂದು ಅಂತ ಎರಡೆರಡು ಹೆಸರು ನೆನಪಿಟ್ಟುಕೊಳ್ಳುವ ಪುರುಸೊತ್ತು ಯಾರಿಗಿತ್ತು? ಹದಿನೆಂಟು ವರ್ಷದಿಂದ ಅವನ ಹೊಟ್ಟೆ ಹೊರೆದದ್ದು ವೀಸಾ ಫೋಟೋ. ಹಿಂದೆ ಬಿಳಿ ಬಟ್ಟೆ, ಎರಡೂ ಕಿವಿ ಕಾಣಬೇಕು, ಹಲ್ಲು ಕಾಣಬಾರದು. "ನಗು ಜೋಪಾನವಾಗಿ ಇಟ್ಕೊಳ್ಳಿ, ಅಲ್ಲಿಗೆ ಹೋದ ಮೇಲೆ ಖರ್ಚು ಮಾಡೋರಂತೆ" ಅನ್ನುತ್ತಿದ್ದ. ಅದನ್ನು ಕೇಳಿ ಜನ ನಕ್ಕುಬಿಡುತ್ತಿದ್ದರು, ಮತ್ತೆ ಮುಖ ಬಿಗಿಯಾಗಲು ಎರಡು ನಿಮಿಷ ಕಾಯಬೇಕಾಗುತ್ತಿತ್ತು.

ಅವನ ಕೈಯಲ್ಲಿ ಇನ್ನೊಂದು ವಿದ್ಯೆಯಿತ್ತು. ಒರೆಸುವುದು. ಗುಂಪಿನ ಫೋಟೋದಲ್ಲಿ ಹಿಂದೆ ಆಕಳಿಸುತ್ತ ನಿಂತವನು, ತಲೆಯ ಮೇಲೆ ಹಾದುಹೋದ ಕರೆಂಟು ತಂತಿ, ಮೂಲೆಯ ಕಸದ ಡಬ್ಬಿ, ಅರ್ಧ ಮುಖ ತೂರಿಸಿದ ದಾರಿಹೋಕ, ಎಲ್ಲ ಅವನ ಕೈಯಲ್ಲಿ ಮಾಯ. ಕಂಪ್ಯೂಟರ್ ಮುಂದೆ ಕೂತರೆ ಬೆರಳು ತಾನಾಗಿ ಚಿತ್ರದ ಅಂಚಿಗೆ ಹೋಗುತ್ತಿತ್ತು. "ಮೊದಲು ಬೇಡದವರನ್ನ ತೆಗೀಬೇಕು. ಆಮೇಲೆ ಬೇಕಾದವರು ತಾವಾಗೇ ಚೆನ್ನಾಗಿ ಕಾಣ್ತಾರೆ" ಎನ್ನುವುದು ಅವನ ಸಿದ್ಧಾಂತ. ಒಮ್ಮೆ ಒಬ್ಬ ಗಿರಾಕಿ ಹೆಂಡತಿಯ ಫೋಟೋ ಹಿಡಿದುಕೊಂಡು ಬಂದು, "ಆ ಕೆನ್ನೆ ಮಚ್ಚೆ ನೋಡಿಯೇ ನಾನು ಮದುವೆಯಾಗಿದ್ದು. ಎಲ್ಲಿ ಹೋಯ್ತು? ವಾಪಸ್ ಹಾಕು" ಅಂತ ಅಂಗಡಿಯ ಮುಂದೆ ಗದ್ದಲ ಎಬ್ಬಿಸಿದ್ದ. ಅಂದಿನಿಂದ ಸ್ಟುಡಿಯೋ ಒಂದು ಬುದ್ಧಿ ಕಲಿತಿದ್ದ. ಒರೆಸುವುದನ್ನು ಬಿಡಲಿಲ್ಲ, ಒರೆಸದ ಪ್ರತಿಯನ್ನು ಬೇರೆ ಇಟ್ಟುಕೊಳ್ಳತೊಡಗಿದ.

ಈಗ ಅವನೇ ಕಚೇರಿಯ ಮೆಟ್ಟಿಲು ಹತ್ತುವ ಕಾಲ ಬಂದಿತ್ತು. ಕೆಳಗಿನ ಮಹಡಿ ಹೊರದೇಶಕ್ಕೆ ಹೋಗುವವರಿಗೆ, ಮೇಲಿನದು ಹೊರಗಿನವರನ್ನು ಕರೆಸಿಕೊಳ್ಳುವವರಿಗೆ. ಸಾವಿರಾರು ಜನರನ್ನು ಕೆಳಗಿನ ಮಹಡಿಗೆ ದಾಟಿಸಿದವನು ಮೇಲಿನದನ್ನು ಕಣ್ಣೆತ್ತಿ ನೋಡಿರಲಿಲ್ಲ.

ಕರೆಸಿಕೊಳ್ಳಬೇಕಾದವಳು ಒಬ್ಬಳು ಕನ್ನಡಕದವಳು. ಹಾಗೆಂದು ಹೆಸರಿಟ್ಟದ್ದು ಅವನ ಅಕ್ಕ. ಎರಡು ವರ್ಷದ ಹಿಂದೆ ಒಂದು ಮದುವೆಯ ಫೋಟೋ ತೆಗೆಯಲು ಸ್ಟುಡಿಯೋ ಕಡಲಾಚೆಯ ಊರಿಗೆ ಹೋಗಿದ್ದ. ಇಳಿದ ಮೊದಲನೆಯ ಬೆಳಿಗ್ಗೆಯೇ ಹಾಸಿಗೆಯಿಂದ ಎದ್ದವನು ತನ್ನ ಕನ್ನಡಕವನ್ನು ತಾನೇ ತುಳಿದ. ಕಣ್ಣಿಲ್ಲದ ಫೋಟೋಗ್ರಾಫರ್ ಅಂದರೆ ಕಾಲಿಲ್ಲದ ಓಟಗಾರ. ತಡಕಾಡಿಕೊಂಡು ಹತ್ತಿರದ ಕನ್ನಡಕದ ಅಂಗಡಿಗೆ ಹೋದರೆ, ಕೌಂಟರಿನ ಹಿಂದೆ ಇದ್ದವಳು ಅವನ ಪೆಚ್ಚು ಮುಖ ನೋಡಿ, ಗೊಣಗಾಟ ಕೇಳಿ, ಅವನದೇ ಮಾತಿನಲ್ಲಿ, "ಯಾರ ಮೇಲಿನ ಸಿಟ್ಟು ಇದರ ಮೇಲೆ ತೀರಿಸ್ಕೊಂಡ್ರಿ?" ಅಂದಳು. ಅವಳ ಅಪ್ಪನ ಕಾಲಕ್ಕೇ ಅಲ್ಲಿ ನೆಲೆಸಿದ ಮನೆತನ, ಮನೆಯೊಳಗಿನ ಮಾತು ಮಾತ್ರ ಬದಲಾಗಿರಲಿಲ್ಲ. ಹನ್ನೊಂದು ದಿನ ಅವನು ಅಲ್ಲಿದ್ದ. ಹನ್ನೊಂದು ದಿನವೂ ಅವಳ ಕೆಲಸ ಮುಗಿದ ಮೇಲೆ ಇಬ್ಬರೂ ತಿರುಗಾಡಿದರು. ದಿನಕ್ಕೊಂದರಂತೆ, ಟ್ರೈಪಾಡ್ ನಿಲ್ಲಿಸಿ, ಟೈಮರ್ ಹಾಕಿ, ಓಡಿಬಂದು ಅವಳ ಪಕ್ಕ ನಿಂತು, ಹನ್ನೊಂದು ಫೋಟೋ ತೆಗೆದ.

ವಾಪಸ್ ಬಂದ ಮೇಲೆ ಎರಡು ವರ್ಷ ಫೋನಿನಲ್ಲೇ ಸಂಸಾರ. ಅವನು ಮತ್ತೆ ಅಲ್ಲಿಗೆ ಹೋಗಲು ಅರ್ಜಿ ಹಾಕಿದ್ದ. ಒಂಟಿ ಗಂಡಸು, ಅಂಗಡಿ ಬಾಡಿಗೆಯದು, ಹಿಂದಿರುಗುವ ಖಾತ್ರಿ ಇಲ್ಲ ಅಂತ ಆ ದೇಶದವರು ತಿರಸ್ಕರಿಸಿದರು. ಉಳಿದ ದಾರಿ ಒಂದೇ, ಅವಳು ಇಲ್ಲಿಗೆ ಬರುವುದು. ಮೂವತ್ತು ದಿನದ ಪ್ರವಾಸಿ ವೀಸಾ. ಒಂದೇ ಮನೆಯಲ್ಲಿ ಮೂವತ್ತು ದಿನ ಇದ್ದು ನೋಡೋಣ, ಕೂಡಿದರೆ ಮದುವೆ, ಕೂಡದಿದ್ದರೆ ಕೈಕುಲುಕಿ ಬೇರೆಯಾಗೋಣ ಅಂತ ಮಾತಾಗಿತ್ತು. ಅವನಿಗೆ ನಲವತ್ತನಾಲ್ಕು, ಅವಳಿಗೆ ನಲವತ್ತೊಂದು. ಪಕ್ಕದ ಅಂಗಡಿಯ ಟಿಕೆಟ್ ಏಜೆಂಟು ಮೊದಲೇ ಎಚ್ಚರಿಸಿದ್ದ: "ಒಂದೇ ಏಟಿಗೆ ಕಾಯಿ ಬೀಳಬೇಕು ಸ್ಟುಡಿಯೋ. ಒಂದು ಸಲ ಇಲ್ಲ ಅಂದ್ರೆ ಐದು ವರ್ಷ ಅವಳು ಮತ್ತೆ ಅರ್ಜಿ ಹಾಕೋ ಹಾಗಿಲ್ಲ. ಇನ್ನೊಂದು ತಿಳ್ಕೋ. ಪ್ರವಾಸಿ ವೀಸಾ ಅಂದ್ರೆ ಬರೋದನ್ನ ತೋರಿಸೋದಲ್ಲ, ಹೋಗೋದನ್ನ ತೋರಿಸೋದು. ಅವಳು ವಾಪಸ್ ಹೋಗೇ ಹೋಗ್ತಾಳೆ ಅಂತ ಅವರಿಗೆ ನಂಬಿಕೆ ಬರಬೇಕು."

"ಬಂದ ಸೊಸೆ ವಾಪಸ್ ಹೋಗ್ತಾಳೆ ಅಂತ ಬರೆದುಕೊಟ್ಟು ಕರೆಸಿಕೊಳ್ಳೋ ಮನೆ ನಮ್ಮದೊಂದೇ ಇರಬೇಕು" ಅಂದಳು ಅಕ್ಕ. ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದು, ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡಿದ್ದಳು. ಊರಿನ ಅರ್ಧ ಜನರ ಸೊಂಟದ ಅಳತೆ ಅವಳಿಗೆ ಗೊತ್ತು, ಮುಕ್ಕಾಲು ಜನರ ಗುಟ್ಟೂ ಗೊತ್ತು.

ಅರ್ಜಿಯ ಜೊತೆ ಸಂಬಂಧದ ಪುರಾವೆ ಬೇಕೆಂದಾಗ ಸ್ಟುಡಿಯೋ ಎರಡನೆಯ ಮಾತಿಲ್ಲದೆ ಆ ಹನ್ನೊಂದು ಫೋಟೋಗಳನ್ನು ಕೊಟ್ಟ. ಒಂದೊಂದೂ ಕ್ಯಾಲೆಂಡರಿಗೆ ಹಾಕುವ ಹಾಗಿದ್ದವು. ಕಸವಿಲ್ಲ, ತಂತಿಯಿಲ್ಲ, ಬೇಡದವರೊಬ್ಬರೂ ಇಲ್ಲ.

ಮೂರು ವಾರದ ಮೇಲೆ ಮೇಲಿನ ಮಹಡಿಯಿಂದ ಕರೆ ಬಂತು.

ಅಧಿಕಾರಿ ಐವತ್ತರ ಹೆಂಗಸು. ಮಾತು ಬೆಣ್ಣೆಯಷ್ಟು ಮೃದು. ಕೂರಲು ಹೇಳಿದರು, ನೀರು ಬೇಕೇ ಎಂದು ಕೇಳಿದರು. ಆಮೇಲೆ ಹನ್ನೊಂದು ಫೋಟೋಗಳನ್ನು ಇಸ್ಪೀಟು ಎಲೆಯ ಹಾಗೆ ಮೇಜಿನ ಮೇಲೆ ಹರಡಿದರು.

"ಎಲ್ಲ ನೀವಿಬ್ಬರೇ ಇದ್ದಾಗ ತೆಗೆದದ್ದು?"

"ಹೌದು ಮೇಡಂ. ಟೈಮರ್ ಹಾಕಿ ನಾನೇ ತೆಗೆದಿದ್ದು."

"ಮೂರನೆಯವರು ಯಾರೂ ಇರಲಿಲ್ಲ."

"ಯಾರೂ ಇಲ್ಲ."

ಅವರು ಒಂದು ಫೋಟೋವನ್ನು ಪೆನ್ಸಿಲ್ ತುದಿಯಿಂದ ಅವನತ್ತ ನೂಕಿದರು. ದೋಣಿ ನಿಲ್ಲುವ ಕಟ್ಟೆಯ ಮೆಟ್ಟಿಲು, ಇಳಿಬಿಸಿಲು. ಇಬ್ಬರೂ ನಗುತ್ತಿದ್ದಾರೆ. ಅವರ ನೆರಳು ಉದ್ದಕ್ಕೆ ಮೆಟ್ಟಿಲ ಮೇಲೆ ಮಡಿಕೆ ಮಡಿಕೆಯಾಗಿ ಇಳಿದಿದೆ.

"ಇಬ್ಬರಿದ್ದೀರಿ" ಅಂದರು ಅವರು. "ನೆರಳು ಮೂರಿದೆ."

ಸ್ಟುಡಿಯೋ ಬಗ್ಗಿ ನೋಡಿದ. ಇತ್ತು. ಬಲಗಡೆಯ ಅಂಚಿನಿಂದ ಒಂದು ನೆರಳು ಬಂದು, ತಲೆ ಹೆಗಲ ಸಮೇತ, ಅವಳ ಕಾಲಿನ ಹತ್ತಿರ ಬಿದ್ದಿತ್ತು. ಮೊದಲು ಅವನಿಗಾದದ್ದು ಹೆದರಿಕೆಯಲ್ಲ, ನಾಚಿಕೆ. ಮನುಷ್ಯನನ್ನು ಒರೆಸಿ ನೆರಳು ಬಿಡುವುದೇ? ಇಂಥ ಕೆಲಸ ಕಲಿಯುವವರೂ ಮಾಡುವುದಿಲ್ಲ.

"ಓ, ಅದಾ ಮೇಡಂ! ಯಾರೋ ದಾರೀಲಿ ಹೋಗೋರು ಅಡ್ಡ ಬಂದಿದ್ರು. ತೆಗೆದೆ. ಅಭ್ಯಾಸ. ನಮ್ಮ ಕೆಲಸಾನೇ ಅದು."

"ಅಂದ್ರೆ ದಾಖಲೆ ತಿದ್ದಿದ್ದೀರಿ."

"ದಾಖಲೆ ಅಲ್ಲ ಮೇಡಂ, ಫೋಟೋ."

"ಈ ಮೇಜಿನ ಮೇಲೆ ಬಂದ ಮೇಲೆ ಎಲ್ಲವೂ ದಾಖಲೆ." ಅವರ ದನಿ ಏರಲಿಲ್ಲ. "ಮೂಲ ಫೋಟೋಗಳನ್ನ ತಂದುಕೊಡಿ. ಹನ್ನೊಂದೂ. ಹತ್ತು ದಿನ ಟೈಮಿದೆ. ಅವರು ಯಾರು ಅಂತಾನೂ ಬರೆದುಕೊಡಿ."

"ಯಾರು ಅಂತ ನನಗೇನು ಗೊತ್ತು ಮೇಡಂ?"

"ನೋಡಿ, ಗೊತ್ತಾಗಬಹುದು" ಅಂದರು ಅವರು, ಫೋಟೋಗಳನ್ನು ಒಟ್ಟುಮಾಡುತ್ತಾ.

ಮಧ್ಯಾಹ್ನ ಅಂಗಡಿಯ ಷಟರ್ ಅರ್ಧ ಎಳೆದು ಅವನು ಹಳೆಯ ಹಾರ್ಡ್‌ಡಿಸ್ಕ್ ಹುಡುಕಿದ. ಮೂಲ ಚಿತ್ರಗಳು ಒಂದೊಂದಾಗಿ ತೆರೆದುಕೊಂಡವು. ಮೊದಲನೆಯ ದಿನ, ಪಾರ್ಕು. ದೂರದ ಬೆಂಚಿನ ಮೇಲೆ ಪತ್ರಿಕೆ ಹಿಡಿದ ಒಬ್ಬ, ಬೂದು ಬಣ್ಣದ ಕೋಟು. ಎರಡನೆಯ ದಿನ, ಟ್ರಾಮ್ ನಿಲ್ದಾಣ. ಸಾಲಿನ ಕೊನೆಯಲ್ಲಿ ಬೂದು ಕೋಟು. ಮೂರನೆಯ ದಿನ ಯಾರೂ ಇಲ್ಲ, ಬರೀ ಕಸದ ಡಬ್ಬಿ. ನಾಲ್ಕನೆಯ ದಿನ, ಹಣ್ಣಿನಂಗಡಿ. ಸೂರಿನ ಕೆಳಗೆ ಬೂದು ಕೋಟು.

ಸ್ಟುಡಿಯೋ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಮತ್ತೆ ಮುಂದಕ್ಕೆ ಎಳೆದುಕೊಂಡ.

ಹನ್ನೊಂದರಲ್ಲಿ ಎಂಟು ಫೋಟೋದಲ್ಲಿ ಆ ಮನುಷ್ಯನಿದ್ದ. ಎಂಟು ಸಲವೂ ತನ್ನ ಕೈಯಾರೆ, ಗಂಟೆಗಟ್ಟಲೆ ಕೂತು, ಕೂದಲೆಳೆ ಕೂದಲೆಳೆಯಾಗಿ ಅವನನ್ನು ಒರೆಸಿದ್ದ. ಆದರೆ ಒಮ್ಮೆಯೂ ನೋಡಿರಲಿಲ್ಲ. ಒರೆಸುವವನಿಗೆ ಕಾಣುವುದು ಬಣ್ಣ, ಗೆರೆ, ಹಿಂದಿನ ಗೋಡೆಯ ಇಟ್ಟಿಗೆ. ಬೇಡದವರಿಗೆ ಮುಖ ಎಲ್ಲಿರುತ್ತದೆ?

ಇನ್ನೂ ಒಂದನ್ನು ಅವನು ತಡವಾಗಿ ಗಮನಿಸಿದ. ಮೊದಲ ದಿನ ಆ ಬೆಂಚು ಐವತ್ತು ಹೆಜ್ಜೆ ದೂರವಿತ್ತು. ಹಣ್ಣಿನಂಗಡಿ ಮೂವತ್ತು. ಏಳನೆಯ ದಿನದ ಪುಸ್ತಕದಂಗಡಿ ಹದಿನೈದು. ಹತ್ತನೆಯ ದಿನ, ದೋಣಿಕಟ್ಟೆಯಲ್ಲಿ, ಕೈ ಚಾಚಿದರೆ ಅವಳ ಹೆಗಲು ಸಿಗುವಷ್ಟು ಹತ್ತಿರ. ಹನ್ನೊಂದನೆಯ ದಿನದ ಚಿತ್ರದಲ್ಲಿ ಅವನು ಅವಳನ್ನು ನೋಡುತ್ತಿರಲಿಲ್ಲ. ನೇರವಾಗಿ ಕ್ಯಾಮೆರಾ ನೋಡುತ್ತಿದ್ದ. ಎರಡೂ ಕಿವಿ ಕಾಣುತ್ತಿತ್ತು, ಹಲ್ಲು ಕಾಣುತ್ತಿರಲಿಲ್ಲ.

ಅವಳಿಗೆ ಅಲ್ಲಿ ಬೆಳಗಿನ ಹೊತ್ತು. ಫೋನ್ ಎತ್ತಿದವಳೇ, "ಏನು ಸಾಹೇಬ್ರು ಇಷ್ಟು ಬೇಗ? ವೀಸಾ ಕೊಟ್ಟುಬಿಟ್ರಾ?" ಅಂದಳು.

"ಬೂದು ಕೋಟಿನವನು ಯಾರೇ?"

ಅತ್ತ ಕಡೆ ಕೆಟಲ್ ಕುದಿಯುವ ಸದ್ದು ಕೇಳುತ್ತಿತ್ತು. ಅದು ಕುದಿದು, ಟಕ್ಕೆಂದು ಆರಿತು.

"ಫೋಟೋದಲ್ಲಿ ಬಂದಿದ್ದಾನಾ?" ಅಂದಳು ಕೊನೆಗೆ.

"ಎಂಟರಲ್ಲಿ."

"ಎಂಟೇನಾ?" ಅಂದಳು. ಸ್ಟುಡಿಯೋ ಉಳಿದ ಮೂರನ್ನೂ ಮತ್ತೆ ತೆರೆದು ಅಂಚುಗಳಲ್ಲಿ ಹುಡುಕತೊಡಗಿದ.

ಅವಳ ಹಿಂದಿನ ಗಂಡ. ವಿಚ್ಛೇದನವಾಗಿ ಏಳು ವರ್ಷ. ಬೇರೆ ಊರಿಗೆ ಹೋಗಿದ್ದಾನೆ ಅಂತ ಅವಳು ಹೇಳಿದ್ದಳು. ಹೋಗಿರಲಿಲ್ಲ. ಎರಡು ಬೀದಿ ಆಚೆ ಸ್ವಂತ ಮನೆ, ಒಳ್ಳೆಯ ಕೆಲಸ. ಅವಳೆಲ್ಲಿ ಹೋದರೂ ಆಸುಪಾಸಿನಲ್ಲಿ ಬಂದು ನಿಲ್ಲುತ್ತಾನೆ. ಮುಟ್ಟುವುದಿಲ್ಲ, ಮಾತಾಡಿಸುವುದಿಲ್ಲ.

"ಪೊಲೀಸರಿಗೆ ಹೇಳಿಲ್ವಾ?"

"ಮೂರು ಸಲ. ರಸ್ತೇಲಿ ನಿಲ್ಲೋದು ತಪ್ಪಲ್ಲ ಅಂದ್ರು. ನಿಜ ತಾನೆ? ಅವನು ಏನೂ ಮಾಡಲ್ಲ ಕಣೋ. ಏಳು ವರ್ಷದಿಂದ ಏನೂ ಮಾಡಿಲ್ಲ."

"ನನಗ್ಯಾಕೆ ಹೇಳಲಿಲ್ಲ?"

"ಹನ್ನೊಂದೇ ದಿನ ಇತ್ತು. ಅದರಲ್ಲಿ ಅವನಿಗೂ ಪಾಲು ಕೊಡಬೇಕಿತ್ತಾ?"



ಟಿಕೆಟ್ ಏಜೆಂಟು ಕಥೆ ಕೇಳಿ ಗಲ್ಲ ಕೆರೆದುಕೊಂಡ. "ಕಷ್ಟ ಆಯ್ತಲ್ಲಯ್ಯಾ. ಮೂಲ ಕೊಟ್ರೆ, ಇವಳು ಅವನಿಂದ ತಪ್ಪಿಸಿಕೊಂಡು ಬರ್ತಿದ್ದಾಳೆ, ವಾಪಸ್ ಹೋಗಲ್ಲ ಅಂತಾರೆ. ಕೊಡದಿದ್ರೆ ನೀನು ಸುಳ್ಳುಗಾರ. ಯಾವ ಕಡೆ ಬಿದ್ರೂ ಗುಂಡಿ."

"ಹಾಗಾದ್ರೆ?"

"ನಿಜದ ಕಡೆಗೇ ಬೀಳು. ಅಲ್ಲಿ ಬಿದ್ರೆ ಮೈಕೈ ನೋವು ಮಾತ್ರ, ಮಾನ ಉಳಿಯುತ್ತೆ."

ಸ್ಟುಡಿಯೋ ಮೂಲ ಫೋಟೋ ಕೊಟ್ಟ, ಇದ್ದದ್ದು ಇದ್ದ ಹಾಗೆ ಒಂದು ಪುಟ ಬರೆದೂ ಕೊಟ್ಟ. ಅಧಿಕಾರಿ ಪೂರ್ತಿ ಓದಿದರು. ಅವರ ಮುಖದಲ್ಲಿ ಕರುಣೆ ಕಂಡಿತು, ಅದು ಸುಳ್ಳಲ್ಲ. ಆದರೆ ಕರುಣೆಗೂ ಅವರ ಹತ್ತಿರ ಒಂದು ಫಾರ್ಮ್ ಇತ್ತು.

"ಇದನ್ನ ನೀವು ತುಂಬಿಸಿ, ಆ ವ್ಯಕ್ತಿ ಸಹಿ ಮಾಡಿ ಅದೇ ಗಡುವಿನೊಳಗೆ ಕಳಿಸಲಿ. ಅರ್ಜಿದಾರರ ಜೊತೆ ಯಾವ ತಕರಾರೂ ಬಾಕಿ ಇಲ್ಲ, ಈ ಪ್ರಯಾಣಕ್ಕೆ ತಮ್ಮ ಆಕ್ಷೇಪ ಇಲ್ಲ ಅಂತ. ಇಷ್ಟಾದ್ರೆ ನನಗೆ ಫೈಲ್ ಮುಂದಕ್ಕೆ ಕಳಿಸೋಕೆ ಅಡ್ಡಿಯಿಲ್ಲ."

ಫಾರ್ಮ್ ಒಂದೇ ಹಾಳೆ. ಮೇಲೆ ಅರ್ಜಿದಾರಳ ಹೆಸರು, ಪ್ರಯಾಣದ ತಾರೀಕು. ಅದರ ಕೆಳಗೆ ಉಳಿದುಕೊಳ್ಳುವ ಮನೆಯ ಯಜಮಾನನ ಹೆಸರು, ಪೂರ್ತಿ ವಿಳಾಸ. ಒಂದು ಖಾನೆ ಖಾಲಿ ಬಿಟ್ಟರೂ ಅರ್ಜಿ ವಾಪಸ್ ಅಂತ ಕೆಳಗೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಸ್ಟುಡಿಯೋ ಮನೆಗೆ ತಂದು, ಅಕ್ಕನ ಕತ್ತರಿಸುವ ಮೇಜಿನ ಮೇಲೆ ಇಟ್ಟುಕೊಂಡು, ತನ್ನ ದುಂಡಗಿನ ಅಕ್ಷರದಲ್ಲಿ ಎಲ್ಲ ತುಂಬಿಸಿದ. ಬೀದಿ, ಮನೆ ನಂಬರು, ಗುರುತಿಗೆ ಎದುರಿಗಿರುವ ನೀರಿನ ಟ್ಯಾಂಕು, ಯಾವುದನ್ನೂ ಬಿಡಲಿಲ್ಲ.

ಅಕ್ಕ ಹೆಗಲ ಮೇಲಿಂದ ಇಣುಕಿ ಓದಿದಳು. ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಪಿನ್ನು ತೆಗೆದಳೆಂದರೆ ಮಾತು ಗಟ್ಟಿಯದೇ ಇರುತ್ತದೆ ಅಂತ ಅವನಿಗೆ ಗೊತ್ತಿತ್ತು.

"ಲೋ, ಹಾವಿನ ಹುತ್ತಕ್ಕೆ ಕೈಯಿಟ್ಟು, ಕಚ್ಚಬೇಡ ಅಂತ ಬರೆಸ್ಕೊಂಡು ಬರೋಕೆ ಹೊರಟಿದ್ದೀಯಲ್ಲ."

"ಏಳು ವರ್ಷದಿಂದ ಏನೂ ಮಾಡಿಲ್ವಂತೆ ಅಕ್ಕ."

"ಏನೂ ಮಾಡದೆ ಏಳು ವರ್ಷ ನಿಲ್ಲೋನಿಗೆ ಎಷ್ಟು ಸಹನೆ ಇರಬೇಕು, ಯೋಚನೆ ಮಾಡು. ನನ್ನ ಕೈಲಿ ಹಾಲು ಉಕ್ಕೋವರೆಗೆ ನಿಲ್ಲೋಕಾಗಲ್ಲ."

"ಇನ್ನೇನು ಮಾಡ್ಲಿ? ಐದು ವರ್ಷ ಕಾಯ್ಲಾ? ಆಗ ನನಗೆ ಐವತ್ತು ಹತ್ತಿರ."

ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟು, ಮತ್ತೆ ಮೆಷಿನ್ ತುಳಿಯತೊಡಗಿದಳು. ಬಯಕೆ ಬಂದವನ ಹತ್ತಿರ ಬುದ್ಧಿ ಹೇಳಿದರೆ ಗಾಳಿಗೆ ಗುದ್ದಿದಂತೆ ಅಂತ ಅವಳು ಬದುಕಿನಲ್ಲಿ ಕಲಿತಿದ್ದಳು.

ಫಾರ್ಮನ್ನು ಮೇಲ್ ಮಾಡಿದರೆ ಕನ್ನಡಕದವಳು ಮೊದಲು ಒಪ್ಪಲಿಲ್ಲ. "ಬೇಡ. ನಾನು ಬರೋದೇ ಬೇಡ. ಅವನ ಜೊತೆ ಮಾತಾಡಬಾರದು ಅಂತ ಏಳು ವರ್ಷ ಹಲ್ಲು ಕಚ್ಚಿ ಹಿಡಿದಿದ್ದೀನಿ. ಅದೊಂದೇ ನನ್ನ ಕೈಲಿರೋದು."

"ಒಂದು ಸಹಿ ತಾನೇ?"

"ನಿನಗೆ ಎಲ್ಲ ಒರೆಸಿದರೆ ಆಯ್ತು ಅಂತ."

ಅವನಿಗೆ ಅದು ನಾಟಿತು. ಆದರೂ ಬಿಡಲಿಲ್ಲ. ಮೂರು ದಿನ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಅದೇ ಮಾತು. ಹತ್ತು ದಿನದ ಗಡುವು ಮುಗಿಯುತ್ತ ಬಂದಿತ್ತು. ನಾಲ್ಕನೆಯ ದಿನ ಅವಳೇ ಫೋನ್ ಮಾಡಿದಳು.

"ಆಯ್ತು. ಹಾಕಿದ."

"ನೋಡಿದ್ಯಾ! ಜಗಳ ಮಾಡಿದ್ನಾ?"

"ಇಲ್ಲ. ಅಂಗಡಿ ಮುಂದೆ ನಿಂತಿದ್ದ, ಹೋಗಿ ಹಾಳೆ ಕೊಟ್ಟೆ. ಪೆನ್ನು ಅವನ ಜೇಬಲ್ಲೇ ಇತ್ತು." ಅವಳ ದನಿ ಬಹಳ ಸಣ್ಣದಾಗಿತ್ತು. "ಮೇಲಿಂದ ಕೆಳಗಿನ ತನಕ ನಿಧಾನವಾಗಿ ಓದಿದ. ಎರಡು ಸಲ. ಆಮೇಲೆ ಸಹಿ ಹಾಕಿ, 'ಕೊನೆಗೂ ಕೇಳಿದೆಯಲ್ಲ' ಅಂದ. ಅಷ್ಟೇ. ನಕ್ಕ ಕಣೋ. ಅವನು ನಗೋದು ಮರೆತೇ ಹೋಗಿತ್ತು ನನಗೆ."

ವೀಸಾ ಸಿಕ್ಕಿತು. ಮೂವತ್ತು ದಿನ, ಒಂದೇ ಪ್ರವೇಶ. ಏಜೆಂಟು ಅಂಗಡಿಯಿಂದ ಹೊರಗೆ ಬಂದು ಅವನ ಬೆನ್ನಿಗೆ ಗುದ್ದಿದ. ಅಕ್ಕ ಮೇಲಿನ ಕೋಣೆಯ ಕಪಾಟು ಖಾಲಿ ಮಾಡಿ, ಕಿಟಕಿಗೆ ಹೊಸ ಪರದೆ ಹೊಲಿದಳು. ಸ್ಟುಡಿಯೋ ಗೋಡೆಗೆ ಸುಣ್ಣ ಬಳಿದ, ನಲ್ಲಿ ಸೋರುವುದನ್ನು ನಿಲ್ಲಿಸಿದ, ಎರಡು ವರ್ಷದಿಂದ ಅಲ್ಲಾಡುತ್ತಿದ್ದ ಮೆಟ್ಟಿಲಿಗೆ ಮೊಳೆ ಹೊಡೆದ. "ಹೆಂಗಸು ಬರ್ತಾಳೆ ಅಂದ್ರೆ ಮನೆಯ ರೋಗವೆಲ್ಲ ವಾಸಿಯಾಗುತ್ತೆ ನೋಡು. ನಾನು ಹೇಳಿದ್ರೆ ಮಾತ್ರ ಕಿವುಡು" ಅಂತ ಅಕ್ಕ ಚುಚ್ಚಿದಳು. ಅವನು ನಕ್ಕ.

ಹೊರಡಲು ನಾಲ್ಕು ದಿನ ಇರುವಾಗ ಕನ್ನಡಕದವಳು ಫೋನಿನಲ್ಲಿ, ಮಾತಿನ ನಡುವೆ, "ಒಂದು ವಾರದಿಂದ ಅವನು ಕಾಣ್ತಿಲ್ಲ" ಅಂದಳು.

"ಒಳ್ಳೇದೇ ಆಯ್ತಲ್ಲ! ಸಹಿ ಹಾಕಿ ಋಣ ಹರ್ಕೊಂಡ ಅನ್ನು."

"ಕಾಣ್ತಿದ್ದಾಗ ಎಲ್ಲಿದ್ದಾನೆ ಅಂತ ಗೊತ್ತಿರ್ತಿತ್ತು" ಅಂದಳು ಅವಳು. "ಈಗ ಅವನ ಮನೆ ಮುಂದೆ ನಾನೇ ಎರಡು ಸಲ ಹೋಗಿಬಂದೆ. ಕಿಟಕಿ ಮುಚ್ಚಿದೆ. ಟಪಾಲು ಡಬ್ಬಿ ತುಂಬಿ ಹೊರಗೆ ಬಿದ್ದಿದೆ."

"ಎಲ್ಲೋ ಊರಿಗೆ ಹೋಗಿರ್ತಾನೆ ಬಿಡೇ."

"ಹೂಂ" ಅಂದಳು. ಆ ಹೂಂ ಅವನ ಕಿವಿಯಲ್ಲಿ ಆ ದಿನವಿಡೀ ಉಳಿಯಿತು. ಒಬ್ಬ ಹುಡುಗಿಯ ಪಾಸ್‌ಪೋರ್ಟ್ ಫೋಟೋ ತೆಗೆಯುವಾಗ ಅವನು ಗಮನಿಸಿದ, ತನ್ನ ಕಣ್ಣು ಅವಳ ಮುಖದ ಮೇಲಿಲ್ಲ, ಹಿಂದಿನ ಬಿಳಿ ಬಟ್ಟೆಯ ಎರಡೂ ತುದಿಯಲ್ಲಿ ಹುಡುಕುತ್ತಿದೆ.

ವಿಮಾನ ಬೆಳಗಿನ ಹನ್ನೊಂದಕ್ಕೆ. ಸ್ಟುಡಿಯೋ ಒಂಬತ್ತಕ್ಕೇ ಹೋಗಿ ಕಂಬಿ ಹಿಡಿದು ನಿಂತ. ಪ್ರಯಾಣಿಕರು ಪೆಟ್ಟಿಗೆ ತಳ್ಳಿಕೊಂಡು ಬರುತ್ತಲೇ ಇದ್ದರು. ಒಬ್ಬೊಬ್ಬರ ಹಿಂದೆ ಯಾರಿದ್ದಾರೆ, ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡುವುದರಲ್ಲಿ, ಎದುರಿಗೇ ಬಂದು ನಿಂತವಳು ಅವನಿಗೆ ಕಾಣಲಿಲ್ಲ.

"ಕನ್ನಡಕ ಮತ್ತೆ ತುಳಿದ್ಯಾ?" ಅಂದಳು.

ಅವಳೇ. ಸ್ವಲ್ಪ ತೆಳ್ಳಗಾಗಿದ್ದಳು. ಕೂದಲಲ್ಲಿ ಒಂದು ಬಿಳಿ ಎಳೆ. ಅವನು ಅವಳ ಕೈ ಹಿಡಿದುಕೊಂಡ. ಆ ಕೈ ಬೆಚ್ಚಗಿತ್ತು. ಇಷ್ಟು ಪಾಡುಪಟ್ಟದ್ದು ಇದಕ್ಕಾಗಿಯೇ ಅಂತ ಒಂದು ಕ್ಷಣ ಎದೆ ತುಂಬಿಬಂತು.

"ಒಬ್ಬಳೇ ತಾನೇ?" ಅಂದ. ಅಂದಕೂಡಲೇ ನಾಲಿಗೆ ಕಚ್ಚಿಕೊಂಡ.

"ಒಬ್ಬಳೇ" ಅಂದಳು. "ವಿಮಾನ ಹತ್ತಿದ ಮೇಲೆ ಪ್ರತಿ ಸೀಟೂ ನೋಡಿದೆ. ಇಳಿಯೋವಾಗಲೂ ನೋಡಿದೆ. ಇಲ್ಲ."

ಪೆಟ್ಟಿಗೆ ಎಳೆದುಕೊಂಡು ಇಬ್ಬರೂ ಟ್ಯಾಕ್ಸಿ ಸಾಲಿಗೆ ಬಂದರು. ಬಿಸಿಲು ಚೆನ್ನಾಗಿತ್ತು. ಅವಳು ಮೊದಲ ಸಲ ಹೆಗಲು ಸಡಿಲಬಿಟ್ಟು ಸುತ್ತ ನೋಡಿದಳು, "ನಿಮ್ಮ ಊರಲ್ಲಿ ಆಕಾಶ ಸ್ವಲ್ಪ ಜಾಸ್ತಿ ಇದೆ" ಅಂದಳು. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಅಕ್ಕ.

"ಬಂದ್ಳೇನೋ? ಎಲ್ಲಿದ್ದೀರಿ?" ಅಕ್ಕನ ದನಿಯಲ್ಲಿ ಮನೆಗೆ ನೆಂಟರು ಬಂದಾಗಿನ ಸಡಗರವಿತ್ತು. "ಬೇಗ ಬನ್ನಿ. ಅವಳ ಕಡೆಯವರು ಒಬ್ಬರು ಆಗಲೇ ಬಂದು ಕೂತಿದ್ದಾರೆ. ಅಣ್ಣನೋ ಏನೋ ಆಗಬೇಕಂತೆ. ಪಾಪ, ಒಂದು ವಾರದಿಂದ ಇಲ್ಲೇ ಹೋಟೆಲಲ್ಲಿ ಇದ್ರಂತೆ, ಊರು ನೋಡೋಕೆ ಅಂತ ಬಂದದ್ದಂತೆ. ನಮ್ಮ ಮಾತು ಎಷ್ಟು ಚೆನ್ನಾಗಿ ಆಡ್ತಾರೆ! ಕುಡಿಯೋಕೆ ಕೊಟ್ಟಿದ್ದೀನಿ."

ಅವಳು ಬರಲು ಹನ್ನೊಂದು ಫೋಟೋ, ನಾಲ್ಕು ತಿಂಗಳು, ಒಂದು ಸಹಿ ಬೇಕಾಯಿತು. ಸ್ವಂತ ಮನೆ, ಒಳ್ಳೆಯ ಕೆಲಸ ಇರುವ ಒಬ್ಬ ಮರ್ಯಾದಸ್ಥ, ಊರು ನೋಡುತ್ತೇನೆ ಅಂದರೆ ಯಾರು ತಡೆಯುತ್ತಾರೆ? ಅವನಿಗೆ ಯಾವ ಸಂಬಂಧವನ್ನೂ ಸಾಬೀತು ಮಾಡುವ ಅಗತ್ಯವಿರಲಿಲ್ಲ.

"ಅಕ್ಕಾ" ಅಂದ, ಸಾಧ್ಯವಾದಷ್ಟು ಮೆಲ್ಲಗೆ. "ಅವನು ಬೂದು ಕೋಟು ಹಾಕಿದ್ದಾನಾ?"

ಅಕ್ಕನ ದನಿ ಇನ್ನಷ್ಟು ದೊಡ್ಡದಾಯಿತು, ಇನ್ನಷ್ಟು ಸಡಗರದ್ದಾಯಿತು. "ಅಯ್ಯೋ, ಸಕ್ಕರೆನಾ? ಮುಗಿದಿರೋದು ನೋಡೇ ಇಲ್ಲ ನಾನು! ಸರಿ ಸರಿ, ಪಕ್ಕದ ಮನೇಲಿ ಈಸ್ಕೊಂಡು ಬರ್ತೀನಿ. ನೀನೇನು ಗಾಬರಿ ಆಗಬೇಡ. ನೀವು ಕೂತಿರಿ ಅಣ್ಣಾ, ಎರಡೇ ನಿಮಿಷ."

ಚಪ್ಪಲಿಯ ಸದ್ದು, ಗೇಟಿನ ಸದ್ದು. ಆಮೇಲೆ ಅವಳ ಏದುಸಿರು.

"ಯಾರು ಫೋನು?" ಅಂದಳು ಕನ್ನಡಕದವಳು. ಅವನ ಮುಖ ನೋಡಿದಳು. ಪೆಟ್ಟಿಗೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲಾಡದೆ ನಿಂತಳು.

"ನಾನು ಆಚೆ ಬಂದೆ ಕಣೋ" ಅಕ್ಕ ಪಿಸುಗುಟ್ಟಿದಳು. "ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡ್ತಿದ್ದಾರೆ. ನಾನು ಗೇಟು ದಾಟಿದ ಕೂಡಲೇ ಅವನು ಒಳಗಿನಿಂದ ಚಿಲಕ ಹಾಕ್ಕೊಂಡ. ಸದ್ದು ಕೇಳಿಸ್ತು." ಸ್ವಲ್ಪ ತಡೆದು, "ಈಗ ಮೇಲಿನ ಕೋಣೇಲಿದ್ದಾನೆ. ಪರದೆ ಪೂರ್ತಿ ಸರಿಸಿದ್ದಾನೆ. ಕಿಟಕೀಲಿ ನಿಂತು ರಸ್ತೆ ನೋಡ್ತಿದ್ದಾನೆ. ನನ್ನನ್ನೂ ನೋಡಿದ, ಕೈ ಬೀಸಿದ. ಮನೆ ಯಜಮಾನನ ಹಾಗೆ ನಿಂತಿದ್ದಾನೆ ಕಣೋ."

ಟ್ಯಾಕ್ಸಿಯವನು ಇಳಿದು ಬಂದು, ಅವಳ ಕೈಯಿಂದ ಪೆಟ್ಟಿಗೆ ಬಿಡಿಸಿಕೊಂಡು, ಡಿಕ್ಕಿಗೆ ಹಾಕಿ ಮುಚ್ಚಿದ. ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಟ್ಯಾಕ್ಸಿಯವನು ಇಂಜಿನ್ ಶುರುಮಾಡಿ, ಕನ್ನಡಿಯಲ್ಲಿ ಅವರ ಮುಖ ನೋಡಿದ.

"ಮನೆ ಎಲ್ಲಿ ಸಾರ್? ವಿಳಾಸ ಹೇಳಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಗಾಡಿ ಹಾರ್ನ್ ಹೊಡೆಯಿತು. ಟ್ಯಾಕ್ಸಿಯವನು ಇನ್ನೊಮ್ಮೆ, ಸ್ವಲ್ಪ ಜೋರಾಗಿ, ಅದನ್ನೇ ಕೇಳಿದ.